"ಟೆನ್ಷನ್ ಮಾಡ್ಕೋಬೇಡ" ಅನ್ನೋದು ಸಲಹೆನೇ ಅಲ್ಲ | ಭಾಗ 4

ಸೆಮ್ ಎಕ್ಸಾಮ್ ಹತ್ರ ಬಂತು, ಅದಕ್ಕೇ ಈ ವಾರ ಈ ವಿಷಯ.

ಎಕ್ಸಾಮ್ ಹಾಲ್ ಮುಂದೆ ನಡುಗ್ತಾ ನಿಂತಿರೋರಿಗೆ "ಟೆನ್ಷನ್ ಮಾಡ್ಕೋಬೇಡ" ಅನ್ನೋದು, ಮಳೇಲಿ ನಿಂತಿರೋರಿಗೆ "ಒದ್ದೆ ಆಗ್ಬೇಡ" ಅಂದ ಹಾಗೆ. ಹೇಳಿದೋರಿಗೆ ಸಮಾಧಾನ, ಕೇಳಿದೋರಿಗೆ ಏನೂ ಇಲ್ಲ.

ಯಾಕಂದ್ರೆ ಟೆನ್ಷನ್ ಬರೀ ತಲೆಯಲ್ಲಿ ಇರಲ್ಲ, ಇಡೀ ಮೈಯಲ್ಲಿ ಇರುತ್ತೆ. ಕ್ವೆಶ್ಚನ್ ಪೇಪರ್ ಕೈಗೆ ಬಂದ ತಕ್ಷಣ ಎದೆ ಡವಡವ, ಅಂಗೈ ಬೆವರು, ಬಾಯಿ ಒಣಗೋದು, ಹೊಟ್ಟೇಲಿ ತಳಮಳ. ವಾಲ್ಟರ್ ಕ್ಯಾನನ್ ಅನ್ನೋ ಅಮೆರಿಕದ ವಿಜ್ಞಾನಿ 1915ರಲ್ಲೇ ಇದನ್ನ ವಿವರಿಸಿದ್ರು: ಹೋರಾಡು, ಇಲ್ಲಾ ಓಡು. ಅಪಾಯ ಅನ್ನಿಸಿದ ಕೂಡಲೇ ಅಡ್ರಿನಲಿನ್ ರಕ್ತಕ್ಕೆ ಸೇರುತ್ತೆ, ಹೃದಯ ಜೋರಾಗಿ ಬಡಿಯುತ್ತೆ, ಸ್ನಾಯುಗಳು ಬಿಗಿಯಾಗುತ್ತೆ. ಹುಲಿ ಎದುರಾದ್ರೆ ಇದು ಜೀವ ಉಳಿಸುತ್ತೆ. ಟ್ರಯಲ್ ಬ್ಯಾಲೆನ್ಸ್ ಎದುರಾದ್ರೆ? ಹೊಡೆಯೋಕೂ ಆಗಲ್ಲ, ಓಡೋಕೂ ಆಗಲ್ಲ.

ಹಾಗಾಗಿ ಕೈ ನಡುಗಿದ್ರೆ ನೀವು ವೀಕ್ ಅಂತಲ್ಲ. ನಿಮ್ಮ ದೇಹ ತನ್ನ ಕೆಲಸ ಮಾಡ್ತಿದೆ, ಸಂದರ್ಭ ಮಾತ್ರ ತಪ್ಪು.

ಒಳ್ಳೇ ಸುದ್ದಿ ಏನಂದ್ರೆ, ಇದಕ್ಕೆ ಉಲ್ಟಾ ಸ್ಥಿತಿಯೂ ದೇಹದಲ್ಲೇ ಇದೆ. ಹಾರ್ವರ್ಡ್‌ನ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ 1975ರ ತಮ್ಮ ಪುಸ್ತಕದಲ್ಲಿ ಅದನ್ನ ರಿಲ್ಯಾಕ್ಸೇಷನ್ ರೆಸ್ಪಾನ್ಸ್ ಅಂತ ಕರೆದ್ರು. ಹೃದಯಕ್ಕೆ "ನಿಧಾನವಾಗು" ಅಂದ್ರೆ ಅದು ಕೇಳಲ್ಲ. ಆದ್ರೆ ಉಸಿರು ನಮ್ಮ ಮಾತು ಕೇಳುತ್ತೆ. ಉಸಿರನ್ನ ನಿಧಾನವಾಗಿ ಹೊರಗೆ ಬಿಡುವಾಗ ವೇಗಸ್ ನರದ ಮೂಲಕ ಹೃದಯದ ಬಡಿತವೂ ಇಳಿಯುತ್ತೆ.

ಎರಡೇ ಎರಡು ಅಭ್ಯಾಸ ಹೇಳ್ತೀನಿ.

1️⃣ ಉಸಿರು: ಮೂಗಿನಿಂದ 4 ಎಣಿಸ್ತಾ ಒಳಗೆ, 6 ಎಣಿಸ್ತಾ ಹೊರಗೆ. ಸೆಕೆಂಡಿಗೆ ಒಂದರಂತೆ ಎಣಿಸಿದ್ರೆ 10 ಸಲಕ್ಕೆ 100 ಸೆಕೆಂಡ್, ಅಷ್ಟೆ. ತಲೆ ಸುತ್ತಿದ ಹಾಗೆ ಅನ್ನಿಸಿದ್ರೆ ನಿಲ್ಲಿಸಿ, ಮಾಮೂಲಿ ಉಸಿರಾಡಿ.

2️⃣ ಸ್ನಾಯು: ಮುಷ್ಟಿ 5 ಸೆಕೆಂಡ್ ಬಿಗಿ ಹಿಡಿದು, ಪೂರ್ತಿ ಸಡಿಲ ಬಿಡಿ. ಆಮೇಲೆ ಭುಜ ಕಿವಿ ಹತ್ರ ಎತ್ತಿ, ಬಿಡಿ. ಕೊನೆಗೆ ಕಾಲ್ಬೆರಳು. ಡೆಸ್ಕ್ ಕೆಳಗೆ ಮಾಡಿದ್ರೆ ಇನ್ವಿಜಿಲೇಟರ್‌ಗೂ ಗೊತ್ತಾಗಲ್ಲ 😄 ಬಿಗಿದು ಬಿಡೋ ಈ ವಿಧಾನದ ಬಗ್ಗೆ ಎಡ್ಮಂಡ್ ಜೇಕಬ್ಸನ್ ಅನ್ನೋ ವೈದ್ಯರು 1929ರಲ್ಲೇ ಪುಸ್ತಕ ಬರೆದಿದ್ರು.

"ಅಷ್ಟೊತ್ತಿಗೆ ಒಂದು ಎಂಟ್ರಿ ಬರೀಬಹುದಲ್ವಾ?" ಅಂತೀರಾ? ಲೆಕ್ಕ ಹಾಕೋಣ, ನಾವು ಕಾಮರ್ಸ್‌ನೋರು. 3 ಗಂಟೆ ಪೇಪರ್ ಅಂದ್ರೆ 180 ನಿಮಿಷ. ಅದರಲ್ಲಿ 2 ನಿಮಿಷ ಸುಮಾರು 1%. ಗಾಬರೀಲಿ 5,400 ಅನ್ನೋದನ್ನ 4,500 ಅಂತ ಬರೆದ್ರೆ 900 ವ್ಯತ್ಯಾಸ ಹುಡುಕೋಕೆ ಎಷ್ಟು ನಿಮಿಷ ಹೋಗುತ್ತೆ? ವ್ಯತ್ಯಾಸ 9ರಿಂದ ಭಾಗ ಆದ್ರೆ ಅಂಕಿ ಅದಲುಬದಲು ಆಗಿರಬಹುದು ಅಂತ ನಮಗೆಲ್ಲ ಗೊತ್ತು. ಗಾಬರೀಲಿ ಅದೂ ನೆನಪಾಗಲ್ಲ, ಅದೇ ಸಮಸ್ಯೆ.

ಆದ್ರೆ ಒಂದು ಮಾತು. ಓದದೇ ಇರೋ ಚಾಪ್ಟರ್ ಉಸಿರಾಟದಿಂದ ಬರಲ್ಲ. ಓದಿರೋದು ಕೈಕೊಡದ ಹಾಗೆ ನೋಡ್ಕೊಳ್ಳೋಕೆ ಇದು. ಎಕ್ಸಾಮ್ ದಿನವೇ ಮೊದಲ ಸಲ ಮಾಡಿದ್ರೂ ಅಷ್ಟಾಗಿ ಉಪಯೋಗ ಇಲ್ಲ. ಇವತ್ತಿಂದ ರಾತ್ರಿ ಮಲಗೋ ಮುಂಚೆ ಮಾಡಿ, ದೇಹಕ್ಕೆ ದಾರಿ ಗೊತ್ತಾಗ್ಲಿ. ಇದಕ್ಕೆ ದುಡ್ಡು ಕೊಟ್ಟು ಕೋರ್ಸ್ ತಗೊಳ್ಳೋದೂ ಬೇಡ.

ಕಾಲೇಜುಗಳಿಗೂ ನನ್ನದೊಂದು ಕೇಳಿಕೆ: ಪೇಪರ್ ಹಂಚೋ ಮುಂಚೆ ಹಾಲ್‌ನಲ್ಲಿ 2 ನಿಮಿಷ ಸುಮ್ನೆ ಕೂರೋಕೆ ಬಿಡಿ. ಖರ್ಚು ಸೊನ್ನೆ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ಅದು ಉಸಿರಾಟಕ್ಕೆ ಬಿಡೋ ವಿಷಯ ಅಲ್ಲ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಫ್ರೀ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ಬಹುದು. ಮನೇಲೋ ಲೆಕ್ಚರರ್ ಹತ್ರನೋ ಕೂಡ ಹೇಳಿ.

ಸೇವ್ ಮಾಡ್ಕೊಳ್ಳಿ. ಮುಂದಿನ ಸಲ ಯಾರಿಗಾದ್ರೂ "ಟೆನ್ಷನ್ ಮಾಡ್ಕೋಬೇಡ" ಅನ್ನೋಕೆ ಬಾಯಿ ಬಂದ್ರೆ, ಅದರ ಬದಲು "ಬಾ, ಹತ್ತು ಸಲ ಜೊತೇಲಿ ಉಸಿರು ಎಣಿಸೋಣ" ಅನ್ನಿ 🌿