ಆಕಾಶದ ಫೋಟೊ ಸಾಫ್ಟ್‌ವೇರ್ ಫ್ರೀ, ಆದ್ರೆ ಯಾರಿಗೆ ಫ್ರೀ?

ಜೇಮ್ಸ್ ವೆಬ್ ಟೆಲಿಸ್ಕೋಪ್ ತೆಗೆದ ಬಣ್ಣ ಬಣ್ಣದ ಫೋಟೊಗಳು ವಾಟ್ಸಾಪ್‌ನಲ್ಲಿ ಬರ್ತಾನೇ ಇರ್ತವೆ. ಕೆಲವರು 'ಅಬ್ಬಾ' ಅಂತಾರೆ. ಕೆಲವರು 'ಎಲ್ಲ ಕಂಪ್ಯೂಟರ್‌ನಲ್ಲಿ ಮಾಡಿದ್ದು ಬಿಡಿ' ಅಂತಾರೆ. ಕಂಪ್ಯೂಟರ್‌ನಲ್ಲಿ ಮಾಡಿದ್ದು ಹೌದು, ಆದರೆ ಸುಳ್ಳಲ್ಲ. ಅದನ್ನು ಮಾಡೋ ಸಾಫ್ಟ್‌ವೇರ್ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತೆ.

ಬಣ್ಣ ಬರೋದು ಹೇಗೆ?

ವೆಬ್ ಬಣ್ಣದ ಫೋಟೊ ಕಳಿಸಲ್ಲ. ಒಂದೊಂದು ಫಿಲ್ಟರ್ ಹಾಕಿ ತೆಗೆದ ಕಪ್ಪು-ಬಿಳುಪು ಚಿತ್ರ ಕಳಿಸುತ್ತೆ. ಆ ಫೈಲಿಗೆ 'ಫಿಟ್ಸ್' ಅಂತ ಹೆಸರು. ಯಾವ ಚುಕ್ಕಿಗೆ ಎಷ್ಟು ಬೆಳಕು ಬಿತ್ತು ಅಂತ ಬರೆದಿಟ್ಟ ಲೆಡ್ಜರ್ ಇದ್ದ ಹಾಗೆ ಅದು. ನೇರ ತೆರೆದರೆ ಬಹುತೇಕ ಕಪ್ಪು. ಮಂಕು ಬೆಳಕನ್ನು ಸಾಫ್ಟ್‌ವೇರ್‌ನಲ್ಲಿ ಎತ್ತಿ ತೋರಿಸಬೇಕು. ಆಮೇಲೆ ಸಾಮಾನ್ಯವಾಗಿ ಉದ್ದ ತರಂಗದ ಚಿತ್ರಕ್ಕೆ ಕೆಂಪು, ನಡುವಿನದಕ್ಕೆ ಹಸಿರು, ಗಿಡ್ಡ ತರಂಗದ್ದಕ್ಕೆ ನೀಲಿ ಕೊಟ್ಟು ಸೇರಿಸ್ತಾರೆ. ವೆಬ್ ಹಿಡಿಯೋದು ಹೆಚ್ಚಾಗಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಹಾಗಾಗಿ ಬಣ್ಣ ಮನುಷ್ಯರು ಕೊಟ್ಟಿದ್ದು, ಬೆಳಕಿನ ಲೆಕ್ಕ ಮಾತ್ರ ಟೆಲಿಸ್ಕೋಪಿನದ್ದೇ.

ಫ್ರೀ ಆಗೋಕೆ ಎಂಟು ವರ್ಷ

ಈ ಕೆಲಸಕ್ಕೆ ಹೆಸರಾದ ಒಂದು ಸಾಫ್ಟ್‌ವೇರ್ 'ಫಿಟ್ಸ್ ಲಿಬರೇಟರ್'. ಯುರೋಪಿನ ಇಎಸ್ಎ, ಇಎಸ್ಒ ಮತ್ತು ಅಮೆರಿಕದ ನಾಸಾ ಸೇರಿ 2004ರಲ್ಲಿ ಪುಕ್ಕಟೆ ಬಿಟ್ಟವು. ಆದರೆ ಅದು ಒಂದೇ ಓಡ್ತಿರಲಿಲ್ಲ. ದುಡ್ಡು ಕೊಟ್ಟು ಕೊಳ್ಳೋ ಫೋಟೊಶಾಪ್ ಒಳಗೆ ಕೂರಿಸಬೇಕಿತ್ತು. ಮುಚ್ಚಳ ಫ್ರೀ, ಪಾತ್ರೆಗೆ ದುಡ್ಡು ಅಂದ ಹಾಗೆ. 2012ರಲ್ಲಿ 3ನೇ ಆವೃತ್ತಿ ಬಂದ ಮೇಲೆ ಫೋಟೊಶಾಪ್ ಹಂಗು ತಪ್ಪಿತು. ಈಗ 'ಸಿರಿಲ್' ಅನ್ನೋದೂ ಇದೆ. ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಕೊನೆಗೆ ತಿದ್ದೋಕೆ 'ಗಿಂಪ್' ಇದೆ, ಅದೂ ಪುಕ್ಕಟೆ.

ಡೇಟಾಗೂ ದುಡ್ಡಿಲ್ಲ. ವೆಬ್‌ನ ಕೆಲವು ಡೇಟಾ ಕೇಳಿ ಪಡೆದ ವಿಜ್ಞಾನಿಗಳಿಗೆ ಮೊದಲ ಒಂದು ವರ್ಷದವರೆಗೆ ಮೀಸಲು, ಆಮೇಲೆ ಎಲ್ಲರಿಗೂ ಮುಕ್ತ. ದೂರ ಯಾಕೆ, ಇಸ್ರೋ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್‌ನ ಡೇಟಾ ಇರೋದು ಬೆಂಗಳೂರು ಹತ್ತಿರದ ಬ್ಯಾಲಾಳು ಕೇಂದ್ರದಲ್ಲಿ. 2018ರಿಂದ ಅದೂ ಸಾರ್ವಜನಿಕರಿಗೆ ತೆರೆದಿದೆ.

ಅಡ್ಡಿ ಎಲ್ಲಿದೆ?

ಅಂಗಡಿಯವರಿಗೆ ಇದು ಗೊತ್ತಿರೋ ವಿಷಯವೇ. ಬಿಲ್ಲಿಂಗ್ ಸಾಫ್ಟ್‌ವೇರ್ ಫ್ರೀ ಸಿಕ್ಕರೂ ಕಂಪ್ಯೂಟರ್ ಬೇಕು, ಪ್ರಿಂಟರ್ ಬೇಕು, ಹೇಳಿಕೊಡೋರು ಬೇಕು. ಇಲ್ಲೂ ಅಷ್ಟೇ. ಈ ಸಾಫ್ಟ್‌ವೇರ್‌ಗಳು ಇರೋದು ಕಂಪ್ಯೂಟರ್‌ಗೆ, ಮೊಬೈಲ್‌ಗಲ್ಲ. ಕೆಲವು ಫೈಲು ಜಿಬಿ ಲೆಕ್ಕದಲ್ಲಿ ಇರ್ತವೆ, ದಿನದ ಡೇಟಾ ಪ್ಯಾಕ್‌ನಲ್ಲಿ ಇಳಿಯಲ್ಲ. ಕಲಿಯೋ ಪಾಠಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. ಮನೇಲಿ ಮೊಬೈಲ್ ಒಂದೇ ಇರೋ ಪಿಯುಸಿ ಹುಡುಗಿಗೆ ಸಾಫ್ಟ್‌ವೇರ್ ಬೆಲೆ ಸೊನ್ನೆ ಇದ್ದರೂ ಅದು ಕೈಗೆ ಸಿಗಲ್ಲ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಕಾಲೇಜು ಲ್ಯಾಬ್‌ನ ಒಂದು ಕಂಪ್ಯೂಟರ್, ಒಬ್ಬರು ಇಳಿಸಿ ಪೆನ್‌ಡ್ರೈವ್‌ನಲ್ಲಿ ಹಂಚೋ ಮೂರು ಫಿಲ್ಟರ್‌ನ ಮೂರು ಫೈಲು, ಕನ್ನಡದಲ್ಲಿ ಹೇಳಿಕೊಡೋ ಒಬ್ಬ ಮೇಷ್ಟ್ರು. ಇಷ್ಟಿದ್ದರೆ ಶುರು ಮಾಡಬಹುದು. ಒಮ್ಮೆ ತಾನೇ ಬಣ್ಣ ಸೇರಿಸಿ ನೋಡಿದ ಹುಡುಗಿ, ವಾಟ್ಸಾಪ್‌ನಲ್ಲಿ ಮುಂದಿನ ಫೋಟೊ ಬಂದಾಗ 'ಯಾವ ಟೆಲಿಸ್ಕೋಪ್, ಯಾವ ಫಿಲ್ಟರ್' ಅಂತ ಕೇಳ್ತಾಳೆ.