ಜೇಬಿನಲ್ಲೇ ಅಶ್ವಶಕ್ತಿಯ ಲೆಕ್ಕ

ಹಳೆಯ ಕಾರು ಕೊಳ್ಳುವವರದು ಒಂದೇ ಚಿಂತೆ: ಎಂಜಿನ್ನಿನಲ್ಲಿ ಇನ್ನೂ ಕಸುವಿದೆಯೇ? ಅದನ್ನು ಅಳೆಯುವ ಆ್ಯಪ್‌ಗಳು ಈಗ ಸ್ಮಾರ್ಟ್‌ಫೋನಿನಲ್ಲೇ ಸಿಗುತ್ತವೆ. ಫೋನಿನೊಳಗೆ ಸಿಲಿಕಾನಿನ ಅತಿ ಸಣ್ಣ ತುಂಡೊಂದು ಸ್ಪ್ರಿಂಗಿನಂಥ ಎಳೆಗಳಿಗೆ ಅಂಟಿಕೊಂಡಿರುತ್ತದೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ, ಕಾರು ಮುನ್ನುಗ್ಗಿದಾಗ ಅದೂ ಹಿಂದೆ ಸರಿಯುತ್ತದೆ. ಆ ಸರಿದಾಟದಿಂದ ವೇಗೋತ್ಕರ್ಷ ತಿಳಿಯುತ್ತದೆ. ಅದನ್ನು ಕಾರಿನ ತೂಕ, ವೇಗಗಳಿಂದ ಗುಣಿಸಿದರೆ ಶಕ್ತಿ. 746 ವಾಟ್‌ಗೆ ಒಂದು ಅಶ್ವಶಕ್ತಿ.

ಸಾವಿರ ಕಿಲೋ ತೂಕದ ಕಾರು 14 ಸೆಕೆಂಡಿನಲ್ಲಿ ಗಂಟೆಗೆ 100 ಕಿ.ಮೀ. ವೇಗ ಮುಟ್ಟಿದರೆ ಸರಾಸರಿ 37 ಅಶ್ವಶಕ್ತಿ. ಕಂಪನಿ ಇದರ ದುಪ್ಪಟ್ಟು ಹೇಳಿದ್ದರೂ ಹೌಹಾರಬೇಕಿಲ್ಲ. ಅದು ಎಂಜಿನ್ನಿನ ಗರಿಷ್ಠ; ಇದು ಗಿಯರು, ಟೈರು, ಗಾಳಿ ತಿಂದು ಉಳಿದದ್ದು.

ಎಡವಟ್ಟು ಇರುವುದು ಬೇರೆ ಕಡೆ. ರಭಸದಿಂದ ಹೊರಟ ಕಾರು ಮೂತಿ ಎತ್ತುತ್ತದೆ. ಫೋನು ಒಂದೇ ಡಿಗ್ರಿ ವಾಲಿದರೂ ಭೂಮಿಯ ಗುರುತ್ವವನ್ನೇ ಕಾರಿನ ಕಸುವೆಂದು ಭ್ರಮಿಸುತ್ತದೆ. ಮೇಲಿನ ಲೆಕ್ಕದಲ್ಲಿ ಶೇ 8ಕ್ಕೂ ಹೆಚ್ಚು ತಪ್ಪು! ನಾಲ್ವರನ್ನು ಕೂರಿಸಿ ಒಬ್ಬರ ತೂಕವಷ್ಟೇ ತುಂಬಿದರೆ, ಪಾಪ, ಗಟ್ಟಿ ಎಂಜಿನ್ನೂ ಸೊರಗಿದಂತೆ ಕಾಣುತ್ತದೆ. ಒಂದೇ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆದರೆ ಇಳಿಜಾರಿನ ತಪ್ಪು ಬಹುಪಾಲು ಕಳೆಯುತ್ತದೆ. ಆದರೆ 100 ಮುಟ್ಟಲು ಸುಮಾರು 200 ಮೀಟರ್ ಖಾಲಿ ದಾರಿ ಬೇಕು, ನಿಲ್ಲಿಸಲು ಮತ್ತಷ್ಟು. ಊರೊಳಗಿನ ರಸ್ತೆಯಲ್ಲಿ ಅಷ್ಟು ದೂರದೊಳಗೆ ಶಾಲೆಯ ಮಕ್ಕಳೂ ದಾಟುತ್ತಿರುತ್ತಾರೆ.