ಆ ದೀಪ ವಾಪಸ್ ಕೊಡು ಗುರು

ಹೋದ ತಿಂಗಳು ನಮ್ಮ ಟೀಮಿನವನೊಬ್ಬನ ಗೃಹಪ್ರವೇಶಕ್ಕೆ ಹೋಗಿದ್ದೆ. ಬೆಳ್ಳಂದೂರು, ಹನ್ನೊಂದನೇ ಮಹಡಿ, ಹೋಳಿಗೆ ಊಟ. ಊಟ ಮುಗಿದ ಮೇಲೆ ಎಲ್ಲರನ್ನೂ ಹಾಲ್‌ಗೆ ಕರೆದು ಲೈಟ್ ಆರಿಸಿದ. ಟಿವಿ ಪಕ್ಕದಲ್ಲಿ ಕೆಂಪಗೆ ಏನೋ ಹೊತ್ತಿಕೊಂಡಿತು. ನೋಡಿದ್ರೆ ಟೊಯೊಟಾ ಸ್ಪ್ರಿಂಟರ್ ಟ್ರುಯೆನೊ ಕಾರಿನ ಹಿಂದಿನ ದೀಪ, ಎಡಗಡೆಯದ್ದು. ಒಳಗೆ ಎಲ್‌ಇಡಿ ಪಟ್ಟಿ ಅಂಟಿಸಿ, ಕೆಳಗೊಂದು ಮರದ ಹಲಗೆ ಕೊಟ್ಟು ಟೇಬಲ್ ಲ್ಯಾಂಪ್ ಮಾಡಿದಾನೆ. ಎಲ್ಲರೂ ವಾವ್ ಅಂದ್ರು. ನಾನೂ ಅಂದೆ, ಹೊಸ ಮನೇಲಿ ಜಗಳ ಯಾಕೆ ಅಂತ. ಆವತ್ತಿನಿಂದ ಹೊಟ್ಟೆಯೊಳಗೆ ಅದೇ ಕುದೀತಾ ಇದೆ. ಯಾಕಂದ್ರೆ ಆ ದೀಪ ಕೊಳ್ಳುವಾಗ ಪಕ್ಕದಲ್ಲಿ ನಿಂತು ಜಪಾನಿ ಟ್ಯಾಗ್ ಓದಿ ಹೇಳಿದವನು ನಾನೇ.

ಕಳೆದ ವರ್ಷ ನಾವಿಬ್ಬರೂ ಕಂಪನಿ ಕೆಲಸದ ಮೇಲೆ ಆರು ವಾರ ಟೋಕಿಯೊದಲ್ಲಿದ್ವಿ. ನನಗೊಂದು ಕೆಲಸ ಅಂಟಿಕೊಂಡಿತ್ತು. ಮೆಲ್ಬರ್ನ್‌ನಲ್ಲಿರೋ ದೊಡ್ಡಮ್ಮನ ಮಗನ ಹತ್ತಿರ 1990ರ ಮಜ್ದಾ ಎಂಎಕ್ಸ್-5 ಇದೆ. ಜಪಾನಿನಲ್ಲಿ ಇದೇ ಕಾರು ಯೂನೋಸ್ ರೋಡ್‌ಸ್ಟರ್ ಅನ್ನೋ ಹೆಸರಲ್ಲಿ ಬಂದಿತ್ತು. ಅವನ ಗಾಡಿಯ ಡ್ರೈವರ್ ಕಡೆ ಕಿಟಕಿ ಗಾಜು ಬಾಗಿಲೊಳಗೆ ಬಿದ್ದುಹೋಗಿ ಮೂರು ತಿಂಗಳಾಗಿತ್ತು, ಮಳೆ ಬಂದ್ರೆ ಪ್ಲಾಸ್ಟಿಕ್ ಕಟ್ಟಿಕೊಂಡು ಓಡಿಸ್ತಿದ್ದ. "ಹೆಂಗಿದ್ರೂ ಅಲ್ಲಿದೀಯ, ಒಂದು ವಿಂಡೋ ರೆಗ್ಯುಲೇಟರ್ ನೋಡೋ" ಅಂದ. ಆಸ್ಟ್ರೇಲಿಯಾದಲ್ಲೂ ಜಪಾನಿನಲ್ಲೂ ನಮ್ಮಲ್ಲಿ ಥರ ಸ್ಟೀರಿಂಗ್ ಬಲಗಡೆ, ಹಾಗಾಗಿ ಬಾಗಿಲಿನ ಸಾಮಾನು ಸಲೀಸಾಗಿ ಕೂರುತ್ತೆ. ಒಂದು ಶನಿವಾರ ಹೊರಟೆ. ಇವನೂ "ನಾನೂ ಬರ್ತೀನಿ ಗುರು" ಅಂತ ಗಂಟುಬಿದ್ದ.

ಅಪ್ ಗ್ಯಾರೇಜ್ ಅಂತ ಸೆಕೆಂಡ್‌ಹ್ಯಾಂಡ್ ಕಾರ್ ಪಾರ್ಟುಗಳ ಅಂಗಡಿ ಸರಣಿ ಇದೆ. ನಮ್ಮ ಜೆ.ಸಿ. ರೋಡ್ ನೋಡಿದವರಿಗೆ ಅಲ್ಲಿ ಮೊದಲ ಹತ್ತು ನಿಮಿಷ ತಲೆ ತಿರುಗುತ್ತೆ. ಜೆ.ಸಿ. ರೋಡಲ್ಲಿ ಕೌಂಟರ್ ಆಚೆ ನಿಂತು ಏನು ಬೇಕು ಅಂತ ಕೂಗಬೇಕು, ಹುಡುಗ ಅಟ್ಟ ಹತ್ತಿ ತರ್ತಾನೆ. ಇಲ್ಲಿ ಸೂಪರ್ ಮಾರ್ಕೆಟ್ಟಿನ ಹಾಗೆ ಸಾಲು ಸಾಲು. ಒಂದು ಗೋಡೆ ಪೂರ್ತಿ ಸ್ಟೀರಿಂಗ್, ನೆಲದ ಮೇಲೆ ಸೀಟುಗಳ ಸಾಲು, ಸೈಲೆನ್ಸರುಗಳ ರಾಶಿ, ಪ್ಲಾಸ್ಟಿಕ್ ಸುತ್ತಿದ ಇಸಿಯು ಡಬ್ಬಿಗಳು. ಒಂದೊಂದಕ್ಕೂ ಟ್ಯಾಗ್: ಯಾವ ಕಾರಿಗೆ ಕೂರುತ್ತೆ, ಎಲ್ಲಿ ಗೀಚಿದೆ, ಬೆಲೆ ಎಷ್ಟು. ಎರಡು ಪದ ಕಲಿತರೆ ಅರ್ಧ ಕೆಲಸ ಆದ ಹಾಗೆ. "ಚೂಕೊ" ಅಂದ್ರೆ ಬಳಸಿದ್ದು, "ಜುನ್ಸೇ" ಅಂದ್ರೆ ಕಂಪನಿಯ ಒರಿಜಿನಲ್. ಉಳಿದರ್ಧ ಕೆಲಸ ಚಾಸಿಸ್ ಕೋಡಿನದ್ದು. ಅಲ್ಲಿ ಕಾರಿನ ಹೆಸರು ಹೇಳಿದ್ರೆ ಸಾಲದು. ರೋಡ್‌ಸ್ಟರ್ ಅಂದ್ರೆ ಎನ್‌ಎ6ಸಿಇನಾ, ಎನ್‌ಎ8ಸಿನಾ ಅಂತ ಕೇಳ್ತಾರೆ. ಮೊದಲನೆಯದು 1.6 ಲೀಟರ್, ಎರಡನೆಯದು 1993ರಲ್ಲಿ ಬಂದ 1.8. ನೋಡೋಕೆ ಅವಳಿ ಜವಳಿ, ಆದ್ರೆ ಮುಂದಿನ ಬ್ರೇಕ್ ಡಿಸ್ಕ್ ಒಂದರದ್ದು 235 ಮಿಲಿಮೀಟರ್, ಇನ್ನೊಂದರದ್ದು 255. ಕೋಡ್ ನೋಡದೆ ತಂದ್ರೆ ಮನೆಗೆ ಬಂದು ತಲೆ ಚಚ್ಚಿಕೊಳ್ಳಬೇಕು.

ನನ್ನ ರೆಗ್ಯುಲೇಟರ್ ಎರಡನೇ ಅಂಗಡಿಯಲ್ಲಿ ಸಿಕ್ತು. ಬಿಲ್ ಮಾಡಿಸಿ ತಿರುಗಿದಾಗ ಇವನು ಆ ದೀಪ ಹಿಡ್ಕೊಂಡು ನಿಂತಿದ್ದ. ಎಡ, ಬಲ ಎರಡೂ ಇದ್ವು, ಬೇರೆ ಬೇರೆ ಟ್ಯಾಗ್. "ಎರಡು ಸೂಟ್‌ಕೇಸಲ್ಲಿ ಹಿಡಿಯಲ್ಲ. ಯಾವುದು ಒರಿಜಿನಲ್ ನೋಡು" ಅಂದ. ಎರಡೂ ಜುನ್ಸೇ ಅಂದೆ. ಎಡಗಡೆಯದ್ದು ತಗೊಂಡ. ಬಲಗಡೆಯದ್ದು ಜೋಡಿ ಕಳ್ಕೊಂಡು ಅಲ್ಲೇ ಕೂತಿತು.

ಇವನ ಹತ್ತಿರ ಟ್ರುಯೆನೊ ಇಲ್ಲ. ಇಂಡಿಯಾದಲ್ಲಿ ಟೊಯೊಟಾ ಅದನ್ನ ಮಾರಲೇ ಇಲ್ಲ. ಇವನಿಗೆ ಆ ಕಾರು ಗೊತ್ತಿರೋದು ಇನಿಷಿಯಲ್ ಡಿ ಅನ್ನೋ ಮಾಂಗಾ, ಅನಿಮೆಯಿಂದ.

ಇಲ್ಲಿ ಸ್ವಲ್ಪ ಕಾರಿನ ವಿಷಯ ಹೇಳಿಬಿಡ್ತೀನಿ, ಇಲ್ಲದಿದ್ರೆ ನನ್ನ ಸಿಟ್ಟು ಅರ್ಥ ಆಗಲ್ಲ. ಎಇ86 ಅನ್ನೋ ಕೋಡಿನ ಈ ಕಾರನ್ನ ಟೊಯೊಟಾ 1983ರಿಂದ 1987ರವರೆಗೆ ಮಾಡ್ತು. ಲೆವಿನ್, ಟ್ರುಯೆನೊ ಅಂತ ಎರಡು ಮುಖ. ಲೆವಿನ್‌ದು ಸಾದಾ ಹೆಡ್‌ಲೈಟ್, ಟ್ರುಯೆನೊದು ಬಾನೆಟ್ಟಿನಿಂದ ಎದ್ದು ಬರೋ ಹೆಡ್‌ಲೈಟ್. ಮೊದಲೆರಡು ವರ್ಷದ್ದನ್ನ "ಝೆಂಕಿ" ಅಂತಾರೆ, 1985ರಿಂದ ಈಚಿನದ್ದನ್ನ "ಕೋಕಿ". ಝೆಂಕಿಯ ಹಿಂದೀಪ ಕೋಕಿಯದ್ದಲ್ಲ, ಎಡದ್ದು ಬಲಕ್ಕೆ ಬರಲ್ಲ. ಅಂದ್ರೆ ಎಡಗಡೆ ದೀಪ ಒಡೆದುಕೊಂಡವನಿಗೆ ಬೇಕಾಗಿರೋದು ಲೋಕದಲ್ಲಿರೋ ಸಾವಿರಾರು ದೀಪಗಳಲ್ಲಿ ಇಂಥದ್ದೇ ಒಂದು. ಅಲ್ಲಿ ಕಾರಿಗೆ ಎರಡು ವರ್ಷಕ್ಕೊಮ್ಮೆ "ಶಾಕೆನ್" ಅನ್ನೋ ತಪಾಸಣೆ ಇದೆ. ಹಿಂದೀಪ ಉರಿಯದಿದ್ರೆ ಪಾಸಾಗಲ್ಲ, ಪಾಸಾಗದಿದ್ರೆ ರಸ್ತೆಗೆ ಇಳಿಯೋ ಹಾಗಿಲ್ಲ.

ಜಪಾನ್ ಅಂದ್ರೆ ಹಳೇ ಕಾರುಗಳ ಸ್ವರ್ಗ ಅಂತ ನಮ್ಮವರು ರೀಲ್ಸ್ ನೋಡಿ ನಂಬಿದಾರೆ. ಅಲ್ಲಿ ಪೆಟ್ರೋಲ್ ಕಾರಿಗೆ 13 ವರ್ಷ ದಾಟಿದ್ರೆ ವಾರ್ಷಿಕ ತೆರಿಗೆ ಸುಮಾರು 15 ಪರ್ಸೆಂಟ್ ಜಾಸ್ತಿ. ತೂಕದ ಮೇಲೆ ಹಾಕೋ ತೆರಿಗೆ ಬೇರೆ ಏರುತ್ತೆ. ಕಂಪನಿಗಳು ಒಂದೊಂದೇ ಭಾಗವನ್ನ ನಿಲ್ಲಿಸ್ತಾ ಬರ್ತವೆ. ಅದಕ್ಕೆ ಅಲ್ಲಿನ ಕಾರ್ ಹುಚ್ಚರ ಬಾಯಲ್ಲಿ ಒಂದು ಪದವೇ ಇದೆ: "ಸೇಹಾಯ್", ತಯಾರಿಕೆ ನಿಂತದ್ದು. ಆಸ್ಪತ್ರೆಯಲ್ಲಿ ಡಾಕ್ಟರು "ಇನ್ನು ಮನೆಗೆ ಕರ್ಕೊಂಡು ಹೋಗಿ" ಅಂದ ಹಾಗೆ ಆ ಪದ. ಇಷ್ಟಾದ್ರೂ ಹಟ ಹಿಡಿದು ಓಡಿಸೋರಿದಾರೆ, ಅವರ ಹಟಕ್ಕೆ ಕಂಪನಿಗಳು ಅಲ್ಪ ಸ್ವಲ್ಪ ಬಗ್ಗಿವೆ. ಮಜ್ದಾ 2017ರಲ್ಲಿ ಮೊದಲ ತಲೆಮಾರಿನ ರೋಡ್‌ಸ್ಟರನ್ನ ರಿಪೇರಿ ಮಾಡಿ ಹೊಸದರಂತೆ ಕೊಡೋ ಯೋಜನೆ ಪ್ರಕಟಿಸಿತು. ಬಟ್ಟೆಯ ಟಾಪು, ನಾರ್ಡಿ ಮರದ ಸ್ಟೀರಿಂಗ್, ಕೊನೆಗೆ ಆ ಕಾಲದ ವಿನ್ಯಾಸದ ಟೈರು ಕೂಡ ಮತ್ತೆ ಮಾಡಿಸಿತು. ಅದೇ ವರ್ಷ ನಿಸ್ಸಾನ್ ಆರ್32 ಸ್ಕೈಲೈನ್ ಜಿಟಿ-ಆರ್‌ಗೆ ಹೆರಿಟೇಜ್ ಪಾರ್ಟ್ಸ್ ಶುರು ಮಾಡ್ತು. ಟೊಯೊಟಾ ಸುಪ್ರಾಗೂ 2000ಜಿಟಿಗೂ ಕೆಲವು ಭಾಗ ಮರಳಿ ತಂತು, 2021ರಲ್ಲಿ ಎಇ86ಗೂ ಒಂದೆರಡು ಪ್ರಕಟಿಸಿತು. ಕೆಲವೇ ಕೆಲವು. ಉಳಿದ ಸಾವಿರಾರು ಭಾಗಕ್ಕೆ ಇರೋದು ಆ ಅಂಗಡಿಯ ಶೆಲ್ಫ್ ಮಾತ್ರ.

ಆ ಶೆಲ್ಫಿಗೆ ನಾವು ನುಗ್ಗಿದೀವಿ. 2024ರಲ್ಲಿ ಡಾಲರಿಗೆ 160 ಯೆನ್ ದಾಟಿತ್ತು. ಆ ವರ್ಷ 3.6 ಕೋಟಿಗೂ ಹೆಚ್ಚು ವಿದೇಶಿಯರು ಜಪಾನಿಗೆ ಹೋದ್ರು. ಅದರಲ್ಲಿ ನಿಜವಾದ ಗಾಡಿಗೆ ನಿಜವಾದ ಪಾರ್ಟ್ ಹುಡುಕಿಕೊಂಡು ಹೋದವರ ಮೇಲೆ ನನ್ನ ತಕರಾರಿಲ್ಲ, ನಾನೂ ಹಾಗೇ ಹೋದವನು. ನನ್ನ ಜಗಳ ಗಾಡಿಯೇ ಇಲ್ಲದೆ ಪಾರ್ಟ್ ತರೋರ ಜೊತೆ. ಇವರು ಏನು ತರ್ತಾರೆ ಗಮನಿಸಿ. ಇಂಜಿನ್ ಬ್ಲಾಕ್ ತರಲ್ಲ. ಪೆಟ್ರೋಲ್ ವಾಸನೆ ಹೊಡೆಯೋ ಕಾರ್ಬ್ಯುರೇಟರನ್ನ, ಏರ್‌ಬ್ಯಾಗ್ ಇರೋ ಸ್ಟೀರಿಂಗನ್ನ ವಿಮಾನದವರು ಬಿಡಲ್ಲ. ಹಾಗಾಗಿ ಹಗುರವಾದದ್ದು, ಚಂದದ್ದು, ಬಟ್ಟೆಯಲ್ಲಿ ಸುತ್ತಿ ತರಬಹುದಾದದ್ದು: ದೀಪ, ಎಂಬ್ಲೆಮ್, ಮೀಟರ್, ಗೇರ್ ನಾಬ್. ಗ್ರಹಚಾರ ನೋಡಿ, ಮತ್ತೆ ಮಾಡೋಕೆ ಕಷ್ಟ ಆಗೋದು ಇವೇ. ಸವೆದ ಶಾಫ್ಟನ್ನ ಪೀಣ್ಯದಲ್ಲಿ ಲೇತ್ ಇಟ್ಕೊಂಡಿರೋ ಯಾರಾದ್ರೂ ಕಡೆದು ಕೊಡ್ತಾರೆ. ಕೆಂಪು, ಹಳದಿ, ಬಿಳಿ ಮೂರೂ ಸೇರಿಸಿ ಅಚ್ಚು ಹೊಯ್ದ ಲೆನ್ಸನ್ನ ಯಾವ ಲೇತೂ ಕಡೆಯಲ್ಲ.

ನಮ್ಮ ಭಾಷೆಯಲ್ಲೇ ಹೇಳೋದಾದ್ರೆ, 2016ರಲ್ಲಿ ಒಬ್ಬ ತನ್ನ ಹನ್ನೊಂದು ಸಾಲಿನ ಲೆಫ್ಟ್-ಪ್ಯಾಡ್ ಕೋಡನ್ನ ಎನ್‌ಪಿಎಂನಿಂದ ಕಿತ್ತುಹಾಕಿದ್ದಕ್ಕೆ ಜಗತ್ತಿನ ಎಷ್ಟೋ ಬಿಲ್ಡುಗಳು ಮಕಾಡೆ ಮಲಗಿದ್ವು. ಕೆಲವೇ ಗಂಟೆಯಲ್ಲಿ ವಾಪಸ್ ಹಾಕಿದ್ರು, ಕೋಡ್ ಅಲ್ವಾ, ಕಾಪಿ ಇರುತ್ತೆ.

ನನಗ್ಯಾಕೆ ಇಷ್ಟು ಉರಿ ಅಂತ ಕೇಳಬಹುದು. ನಮ್ಮಪ್ಪನ ಹತ್ತಿರ ಯೆಜ್ಡಿ ಇತ್ತು. ಊರಿಂದ ಡೇರಿಗೆ ಹಾಲಿನ ಕ್ಯಾನು ಸಾಗಿಸ್ತಿದ್ದದ್ದು ಅದರ ಮೇಲೆ. ಮೈಸೂರಿನ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಎರಡು ಮೂರು ವರ್ಷಕ್ಕೆ ನಮ್ಮ ಗಾಡಿಯ ಟ್ಯಾಂಕ್ ತುಕ್ಕು ತಿಂದು ಸೋರೋಕೆ ಶುರುವಾಯ್ತು. ಊರಲ್ಲಿ ಎಲ್ಲರೂ ಮಾಡೋ ಹಾಗೆ ಬಟ್ಟೆ ಸೋಪು ಮೆತ್ತಿದ್ರು. ವೆಲ್ಡಿಂಗ್ ಮಾಡಿಸಿದ್ರು, ಪಕ್ಕದಲ್ಲಿ ಸೋರಿತು. ಹಾಲಿಗೆ ಪೆಟ್ರೋಲ್ ವಾಸನೆ ಅಂತ ಡೇರಿಯಲ್ಲಿ ಎರಡು ಸಲ ವಾಪಸ್ ಕಳಿಸಿದ್ರು. ಅಪ್ಪ ನನ್ನನ್ನೂ ಕರ್ಕೊಂಡು ಬೆಂಗಳೂರಿಗೆ ಬಂದು ಜೆ.ಸಿ. ರೋಡು, ಶಿವಾಜಿನಗರದ ಗುಜರಿ ಎಲ್ಲಾ ಸುತ್ತಿದ್ರು. ಸಿಗಲಿಲ್ಲ. ಆಮೇಲೆ ಹಾಲು ಸೈಕಲ್ ಮೇಲೆ ಹೋಯ್ತು. ನಾಲ್ಕು ವರ್ಷದ ಹಿಂದೆ ಅಪ್ಪನನ್ನ ಇಂದಿರಾನಗರದ ಒಂದು ಕೆಫೆಗೆ ಕರ್ಕೊಂಡು ಹೋಗಿದ್ದೆ. ಗೋಡೆ ಮೇಲೆ ಯೆಜ್ಡಿ ಟ್ಯಾಂಕು, ಸ್ಪಾಟ್‌ಲೈಟ್ ಬೇರೆ. ಅಪ್ಪ ಕಾಫಿ ಬಿಟ್ಟು ಎದ್ದುಹೋಗಿ ಅದರ ಹೊಟ್ಟೆ ತಟ್ಟಿ ನೋಡಿದ್ರು. "ಟ್ಯಾಂಕು ಚೆನ್ನಾಗೈತಲ್ಲೋ, ಯಾಕಿಂಗೆ ನೇತಾಕವ್ರೆ?" ಅಂದ್ರು. ನಾನು ಡೆಕೊರೇಷನ್ ಅಂದೆ. ಅವರು ಮತ್ತೇನೂ ಕೇಳಲಿಲ್ಲ.

ಮೊನ್ನೆ ಆಫೀಸ್ ಕ್ಯಾಂಟೀನಲ್ಲಿ ಕೊನೆಗೂ ಬಾಯಿಬಿಟ್ಟೆ. "ಮಗಾ, ಆ ದೀಪ ಮಾರಿಬಿಡು, ಕಾರ್ ಇರೋರಿಗೆ." ಅವನು ನಕ್ಕ. ನನ್ನ ದುಡ್ಡು, ನನ್ನಿಷ್ಟ ಅಂದ. ಸರಿಯೇ, ಕಾನೂನು ನಿನ್ನ ಕಡೆಗಿದೆ, ನಾನೇನು ಪೊಲೀಸಾ? ನಾವು ಕೊಂಡ್ರೆ ತಾನೇ ಅಂಗಡಿ ನಡೆಯೋದು ಅಂದ. ಅಂಗಡಿ ನಡೆಯುತ್ತೆ, ಕಾರ್ ನಿಲ್ಲುತ್ತೆ. ಜಪಾನಿನವರೂ ಮನೇಲಿ ಸ್ಟೀರಿಂಗ್ ನೇತುಹಾಕ್ತಾರೆ ಅಂದ. ಹೌದು, ಅವರಿಗೂ ಇದೇ ಮಾತು. ಕೊನೆಗೆ, "ಎಇ86ಗೆ ಡೂಪ್ಲಿಕೇಟ್ ದೀಪ ಸಿಗುತ್ತೆ ಗುರು, ಓಡಿಸೋರು ಅದನ್ನ ಹಾಕ್ಕೊಳ್ಳಲಿ" ಅಂದ.

ಹಾಗಾದ್ರೆ ಆ ಡೂಪ್ಲಿಕೇಟನ್ನ ನೀನೇ ತರಿಸಿ ಟಿವಿ ಪಕ್ಕ ಇಟ್ಕೊಳಪ್ಪಾ! ಟಿವಿಗೇನು ಶಾಕೆನ್ ಇದೆಯಾ?

ಕಾರ್ ಪ್ರೀತಿ ತೋರಿಸೋಕೆ ಬೇಕಾದಷ್ಟು ದಾರಿ ಇದೆ. ಟೊಮಿಕಾ ಆಟಿಕೆ ಕಾರು ತಗೊಳ್ಳಿ, ನಾನೇ ಆರು ತಂದಿದೀನಿ, ಮಗಳಿಗೆ ಅಂತ ಹೇಳಿ ಎರಡು ನನ್ನ ಡೆಸ್ಕ್ ಮೇಲಿದೆ. ಟೀ ಶರ್ಟ್ ತಗೊಳ್ಳಿ. ಕೆಲವು ಅಂಗಡಿಯಲ್ಲಿ "ಜಂಕು" ಅಂತ ಬುಟ್ಟಿ ಇಟ್ಟಿರ್ತಾರೆ, ಒಡೆದದ್ದು, ಬಾಗಿದ್ದು, ಕೆಟ್ಟುಹೋದದ್ದು. ಅದರಿಂದ ಸೀಳುಬಿಟ್ಟ ಲೆನ್ಸ್ ತಂದು ಲ್ಯಾಂಪ್ ಮಾಡಿ, ಎಲ್‌ಇಡಿ ಹಾಕಿದ್ರೆ ಸೀಳು ಇನ್ನೂ ಚಂದ ಕಾಣುತ್ತೆ. ಸುಟ್ಟ ಪಿಸ್ಟನ್ ತಂದು ಪೆನ್ ಸ್ಟ್ಯಾಂಡ್ ಮಾಡಿ. ಉರಿಯೋ ದೀಪಕ್ಕೆ ಮಾತ್ರ ಕೈಹಾಕಬೇಡಿ. ಟ್ಯಾಗಿನ ಮೇಲಿರೋ ಚಾಸಿಸ್ ಕೋಡು ನಿಮ್ಮ ಅಥವಾ ನಿಮ್ಮವರ ಗಾಡಿದಲ್ಲ ಅಂದ್ರೆ ಶೆಲ್ಫ್ ಮೇಲೆ ವಾಪಸ್ ಇಡಿ.

ನಾನೂ ಆವತ್ತು ಅಂಗಡಿಯಲ್ಲಿ ಇದನ್ನ ಹೇಳಬಹುದಿತ್ತು. ಟ್ಯಾಗ್ ಓದೋಕೆ ಬಂತು ಅನ್ನೋ ಜಂಬದಲ್ಲಿ ಹೇಳಲಿಲ್ಲ. ರೆಗ್ಯುಲೇಟರ್ ಮೆಲ್ಬರ್ನ್ ಸೇರಿತು, ಕಿಟಕಿ ಮೇಲೆ ಕೆಳಗೆ ಆಗೋ ಹತ್ತು ಸೆಕೆಂಡಿನ ವಿಡಿಯೋ ಬಂತು. ಅದನ್ನ ಇವನಿಗೆ ಫಾರ್ವರ್ಡ್ ಮಾಡಿದೆ, ಥಂಬ್ಸ್ ಅಪ್ ಹಾಕಿದ. ಆ ಮಾತಾದ ಮೇಲೆ ಕ್ಯಾಂಟೀನಲ್ಲಿ ಬೇರೆ ಟೇಬಲ್ಲಿಗೆ ಹೋಗ್ತಾನೆ. ಇದನ್ನ ಓದಿ ಇನ್ನೂ ಬೈಕೋತಾನೆ, ಬೈಕೊಳ್ಳಲಿ. ಆವತ್ತು ತೆಗೆದ ಎರಡೂ ಟ್ಯಾಗಿನ ಫೋಟೋ ನನ್ನ ಫೋನಲ್ಲಿದೆ. ನಿಮ್ಮಲ್ಲಿ ಯಾರಾದ್ರೂ ಈ ವರ್ಷ ಟೋಕಿಯೊ ಕಡೆ ಹೋಗೋರಿದ್ರೆ ಹೇಳಿ, ಅಂಗಡಿ ವಿಳಾಸ ಕೊಡ್ತೀನಿ. ಬಲಗಡೆ ದೀಪ ಇನ್ನೂ ಅಲ್ಲೇ ಇದೆಯಾ ಅಂತ ನೋಡಿಬನ್ನಿ ಸಾಕು, ತರಬೇಡಿ.